ಸೋರುವ ತಾರಸಿಗೆ ಮೇಸ್ತ್ರಿ, ಬಿಡದ ಜ್ವರಕ್ಕೆ ಡಾಕ್ಟರ್: ಆರಿಸುವುದು ಹೇಗೆ?

ನಮ್ಮ ತಾರಸಿಗೆ ಒಂದು ವರ್ಷ ಮೇ ಕೊನೆಯಲ್ಲಿ ಬಳಿಸಿದ ಕೋಟಿಂಗ್ ಆರಿದ್ರಾ ಮಳೆಗೇ ಹಪ್ಪಳದ ಹಾಗೆ ಎದ್ದು ಬಂತು. ತುದಿ ಹಿಡಿದು ಎಳೆದರೆ ಅಂಗೈ ಅಗಲದ ಹಾಳೆ. ಅದರ ಬೆನ್ನಿಗೆ ಹಿಂದಿನ ವರ್ಷದ ಪಾಚಿ ಕಪ್ಪಗೆ ಅಂಟಿಕೊಂಡಿತ್ತು. ಪಾಚಿ ಕೆರೆಯದೆ ಅದರ ಮೇಲೇ ಬಳಿದು ಹೋಗಿದ್ದ ಪುಣ್ಯಾತ್ಮ. ಅವನನ್ನು ಬೈದು ಏನು ಪ್ರಯೋಜನ? ಗೇಟಿಗೆ ಸಿಕ್ಕಿಸಿದ್ದ ‘ಹತ್ತು ವರ್ಷ ಗ್ಯಾರಂಟಿ’ ಚೀಟಿ ನೋಡಿ ಫೋನ್ ಮಾಡಿದ್ದು ನಾನೇ. ಈಗ ಪ್ರತಿ ಮೇ ತಿಂಗಳು ನೆಂಟರಿಷ್ಟರು ಇದೇ ತಪ್ಪು ಮಾಡುವುದನ್ನು ನೋಡುತ್ತಿದ್ದೇನೆ.

ಮೊದಲು ಸಮಯ. ಮೋಡ ಕಟ್ಟಿದ ಮೇಲೆ ಮೇಸ್ತ್ರಿ ಹುಡುಕಿದರೆ ಬಿಡುವಾಗಿರುವವನು ಮಾತ್ರ ಸಿಗುತ್ತಾನೆ, ಒಳ್ಳೆಯವನು ಸಿಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೇಳಿಟ್ಟು, ಅಡಿಕೆ ಕೊಯ್ಲು ಮುಗಿದು, ಶಿವರಾತ್ರಿ ಹೊತ್ತಿಗೆ ಕೆಲಸ ಹಿಡಿಸಿ. ಆಗ ತಾರಸಿಯೂ ಪೂರ್ತಿ ಒಣಗಿರುತ್ತದೆ. ಒಳಗೆ ತೇವ ಇಟ್ಟುಕೊಂಡು ಮೇಲೆ ಏನು ಬಳಿದರೂ ನಿಲ್ಲುವುದಿಲ್ಲ.

ಎರಡನೆಯದು, ಮೂರು ಹೆಸರು ಗೊತ್ತುಮಾಡಿಕೊಳ್ಳಿ. ಅಂಗಡಿಯವರನ್ನು ಕೇಳಬೇಡಿ, ಅವರ ಡಬ್ಬ ಜಾಸ್ತಿ ಖರ್ಚು ಮಾಡುವವನ ಹೆಸರು ಹೇಳುತ್ತಾರೆ.

ಮೂರನೆಯದರಲ್ಲೇ ಎಲ್ಲರೂ ಎಡವುವುದು: ಹಳೇ ಕೆಲಸ ನೋಡುವುದು. ಯಾವ ಮೇಸ್ತ್ರಿಯೂ ಹೋದ ತಿಂಗಳು ಮುಗಿಸಿದ ಮನೆಯನ್ನೇ ತೋರಿಸುತ್ತಾನೆ. ಬಿಳಿಯಾಗಿ ಹೊಳೆಯುತ್ತಿರುತ್ತದೆ, ನಾವು ಮರುಳಾಗುತ್ತೇವೆ. ಅದು ಬೇಡ. ಕನಿಷ್ಠ ಎರಡು ಮಳೆಗಾಲ ಕಂಡ ಮನೆ ತೋರಿಸು ಅನ್ನಿ. ಯಾವ ಊರಿನ ಮಳೆಗಾಲ ಅನ್ನುವುದೂ ಮುಖ್ಯ. ಶಿವಮೊಗ್ಗದ ಗೋಪಾಳದಲ್ಲೋ ಭದ್ರಾವತಿಯಲ್ಲೋ ಚೆನ್ನಾಗಿ ನಿಂತ ಕೆಲಸ ತೀರ್ಥಹಳ್ಳಿಯಲ್ಲಿ ನಿಲ್ಲುತ್ತದೆ ಅಂತಿಲ್ಲ. ತೀರ್ಥಹಳ್ಳಿ ದಾರಿಯಲ್ಲಿ ಮಂಡಗದ್ದೆ ದಾಟಿದ ಮೇಲೆ ಮಳೆಯ ಲೆಕ್ಕವೇ ಬೇರೆ. ಆಗುಂಬೆಯಲ್ಲಂತೂ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಸುರಿಯುತ್ತದೆ. ನಿಮ್ಮ ಕಡೆ ಮಳೆಯಲ್ಲಿ ಕೆಲಸ ಮಾಡಿದವನೇ ಬೇಕು.

ಆ ಮನೆಗೆ ಹೋದಾಗ ಯಜಮಾನರನ್ನು ಕೇಳಬೇಡಿ. ‘ಚೆನ್ನಾಗಿದೆ ಬಿಡಿ’ ಅಂತಾರೆ. ಹಣ ಕೊಟ್ಟವರಿಗೆ ಮೋಸ ಹೋದೆ ಅನ್ನಲು ನಾಚಿಕೆ. ಮನೆಯ ಹೆಂಗಸರನ್ನು ಕೇಳಿ. ನಾನು ಒಂದು ಮನೆಯಲ್ಲಿ ‘ಅಕ್ಕಾ, ಜುಲೈಯಲ್ಲಿ ಎಲ್ಲಾದರೂ ಬಕೆಟ್ ಇಡ್ತೀರಾ?’ ಅಂತ ಕೇಳಿದೆ. ಅವರು ಮಾತಾಡದೆ ದೇವರ ಕೋಣೆಯ ಮೂಲೆ ತೋರಿಸಿದರು. ಗೋಡೆಯ ಬಣ್ಣ ಉಬ್ಬಿ ಪುಡಿ ಉದುರುತ್ತಿತ್ತು, ಕೆಳಗೆ ಒಂದು ಹಳೇ ಪಾತ್ರೆ ಕಾಯಂ ಕೂತಿತ್ತು. ಹಾಲ್‌ನಲ್ಲಿ ಕೂತು ಯಜಮಾನರು ಅದೇ ಮೇಸ್ತ್ರಿಯನ್ನು ಹೊಗಳುತ್ತಿದ್ದರು.

ತಾರಸಿ ಹತ್ತಲು ಬಿಟ್ಟರೆ ನೇರ ಅಂಚಿಗೆ ಹೋಗಿ. ಸೋರುವುದು ನಡುವೆ ಕಡಿಮೆ, ಅಂಚಿನಲ್ಲೇ ಜಾಸ್ತಿ. ತಾರಸಿ ಮತ್ತು ಪ್ಯಾರಾಪೆಟ್ ಗೋಡೆ ಸೇರುವ ಮೂಲೆಯನ್ನು ಗಾರೆ ತುಂಬಿ ಉರುಟು ಮಾಡಿದ್ದಾನಾ? ಕೋಟಿಂಗ್ ಗೋಡೆಯ ಮೇಲೂ ಒಂದಡಿ ಏರಿದೆಯಾ? ಪೈಪಿನ ಬಾಯಿಯ ಸುತ್ತ ಬೆರಳಾಡಿಸಿ, ಅಲ್ಲಿ ಬಿರುಕಿದ್ದರೆ ಉಳಿದದ್ದೆಲ್ಲ ದಂಡ. ಒಂದು ಚೊಂಬು ನೀರು ಸುರಿದು ನೋಡಿ. ಪೈಪಿನ ಕಡೆ ಓಡಿದರೆ ವಾಟ ಸರಿ ಇದೆ. ಅಲ್ಲೇ ಮಡುಗಟ್ಟಿದರೆ ಆ ಮೇಸ್ತ್ರಿಗೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಮಧ್ಯೆ ಒಂದು ಮಾತು. ಬಿರುಕಿಗೆ ಡಾಂಬರು ಮೆತ್ತುವುದು, ಸಿಮೆಂಟ್ ಹಾಲಿಗೆ ಯಾವುದೋ ಪುಡಿ ಕಲಸಿ ಬಳಿಯುವುದು, ಹೆಸರೇ ಕೇಳದ ಕಂಪನಿಯ ಅಗ್ಗದ ‘ವಾಟರ್‌ಪ್ರೂಫ್’ ಬಣ್ಣ: ಮೂರೂ ನನಗಾಗದು. ಡಾಂಬರು ಬಿಸಿಲಿಗೆ ಕರಗಿ, ಆಮೇಲೆ ಒಡೆಯುತ್ತದೆ. ಅಷ್ಟು ಖರ್ಚು ಮಾಡುವ ಬದಲು ಒಂದೆರಡು ವರ್ಷ ತಡೆದು ತಾರಸಿಯ ಮೇಲೆ ಶೀಟಿನ ಚಾವಣಿ ಹಾಕಿಸಿ. ಮಳೆಯ ಸದ್ದಿಗೆ ನಿದ್ದೆ ಬರಲ್ಲ ಅನ್ನುವವರಿದ್ದಾರೆ, ನಿಜ. ಆದರೆ ಅಡಿಕೆ ಒಣಗಿಸಲು ಜಾಗ ಸಿಗುತ್ತದಲ್ವಾ?

ನಾಲ್ಕನೆಯದು, ಮೇಸ್ತ್ರಿಯನ್ನು ಮನೆಗೆ ಕರೆಸಿ ಸುಮ್ನೆ ಇರಿ. ಅವನು ಏನು ಕೇಳುತ್ತಾನೆ ನೋಡಿ. ‘ಯಾವ ಮಳೆಗೆ ಸೋರುತ್ತೆ, ಜೋರು ಮಳೆಗೋ ಜಿಟಿಜಿಟಿ ಮಳೆಗೋ? ಗಾಳಿ ಯಾವ ಕಡೆಯಿಂದ ಬಂದಾಗ? ಮೇಲಿನ ನೀರಿನ ಟ್ಯಾಂಕ್ ಸರಿ ಇದೆಯಾ?’ ಹೀಗೆ ಕೇಳುವವನನ್ನು ಬಿಡಬೇಡಿ. ಟ್ಯಾಂಕಿನ ಪೈಪ್ ಸೋರುವುದನ್ನು ತಾರಸಿಯ ಸೋರಿಕೆ ಅಂದುಕೊಂಡು ಸಾವಿರಾರು ರೂಪಾಯಿ ಸುರಿದವರಿದ್ದಾರೆ. ಬಂದವನೇ ಮೊಬೈಲ್ ತೆಗೆದು ಚದರಡಿಗೆ ಇಷ್ಟು ಅಂದವನು ಬೇಡ.

ಚದರಡಿ ಅಂದಾಗ ನೆನಪಾಯಿತು, ಅಳತೆ ನೀವೂ ಹಿಡಿಯಿರಿ. 30ಕ್ಕೆ 40ರ ತಾರಸಿ 1,200 ಚದರಡಿ. ಮೂರಡಿ ಪ್ಯಾರಾಪೆಟ್ಟಿನ ಒಳಮೈಯನ್ನೂ ಸೇರಿಸಿದರೆ ಇನ್ನೂ 420. ಬಳಿಯುವುದು ಒಂದಡಿ ಎತ್ತರಕ್ಕೆ ಮಾತ್ರ ಆದರೆ ಸೇರಬೇಕಾದ್ದು 140. ಬರೆಸಿಕೊಳ್ಳುವ ಚೀಟಿಯಲ್ಲಿ ಇದು, ಎಷ್ಟು ಕೋಟ್, ಯಾವ ಕಂಪನಿಯ ಯಾವ ಮಾಲು, ಪಾಚಿ ತಂತಿ ಬ್ರಷ್‌ನಲ್ಲಿ ಉಜ್ಜುವುದು ಯಾರ ಲೆಕ್ಕ, ಎಲ್ಲ ಇರಲಿ. ಡಬ್ಬಗಳು ಸೀಲ್ ಸಮೇತ ನಿಮ್ಮ ಮುಂದೆಯೇ ತೆರೆಯಲಿ.

ಹಣ ಮೂರು ಕಂತಿನಲ್ಲಿ ಕೊಡಿ. ಕೊನೆಯ ಕಂತು ನೀರು ನಿಲ್ಲಿಸಿ ನೋಡಿದ ಮೇಲೆ. ಕೋಟಿಂಗ್ ಪೂರ್ತಿ ಒಣಗಿದ ಮೇಲೆ ಪೈಪಿನ ಬಾಯಿಗೆ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಿ. ಇದಕ್ಕೆ ಒಪ್ಪದವನ ಗ್ಯಾರಂಟಿ ಚೀಟಿಯಲ್ಲಿ ಉಪ್ಪಿನಕಾಯಿ ಕಟ್ಟಬಹುದು.

ಎಲೆಕ್ಟ್ರಿಷಿಯನ್ ವಿಷಯ ಚಿಕ್ಕದು. ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ತೇವ. ಹಾಗಾಗಿ 30 ಮಿಲಿ ಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಕಡಿಯುವ ಸ್ವಿಚ್, ಬೇಕೇಬೇಕು. ‘ಅದೆಲ್ಲ ಸುಮ್ನೆ ಖರ್ಚು ಸಾರ್’ ಅಂದವನಿಗೆ ಟೀ ಕೊಟ್ಟು ಕಳಿಸಿ.

ಡಾಕ್ಟರ ವಿಷಯದಲ್ಲಿ ಗೋಡೆ ಮೊದಲು ನೋಡಿ. ಖಾಸಗಿ ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ಪ್ರಮಾಣಪತ್ರ ಕಾಣುವಂತಿರಬೇಕು. ಚೀಟಿಯ ಮೇಲೆ ಡಾಕ್ಟರ ನೋಂದಣಿ ಸಂಖ್ಯೆ ಇದೆಯಾ ನೋಡಿ. ಕೂತ ಕೂಡಲೇ ಇಂಜೆಕ್ಷನ್ ಚುಚ್ಚಿ, ಹೆಸರಿಲ್ಲದ ಮಾತ್ರೆ ಪೊಟ್ಟಣ ಕಟ್ಟಿ ಕೊಡುವವರ ಹತ್ತಿರ ಹೋಗಲೇಬೇಡಿ, ಎಷ್ಟೇ ‘ಕೈಗುಣ’ ಇದ್ದರೂ.

ಡಾಕ್ಟರ ವಿಷಯದಲ್ಲೂ ನಾನು ನೋಡುವುದು ಅದನ್ನೇ, ಏನು ಕೇಳುತ್ತಾರೆ ಅಂತ. ಉಣುಗು (ಕಾಡಿನ ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಅಂತ ಹೋದರೆ ಡಾಕ್ಟರು ‘ದರಗು, ಒಣ ಎಲೆ ತರಲು ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಅಕ್ಕಪಕ್ಕ ಮಂಗ ಸತ್ತಿದೆಯಾ?’ ಅಂತ ಕೇಳಬೇಕು. ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳಿ. ಆಮೇಲೂ ಅವರು ಗಮನ ಕೊಡದಿದ್ದರೆ ಅಲ್ಲಿಂದ ಎದ್ದು ಸೀದಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಡಿ.