ಅರ್ಪಾದ್ ವೈಸ್ ಅವರ ಜೀವನವನ್ನು ಬರೆಯುವ ಕ್ರಮ

ಎರಡು ಮಹಾಯುದ್ಧಗಳ ನಡುವಿನ ಯೆಹೂದಿ ಫುಟ್‌ಬಾಲ್ ಆಟಗಾರರ ಬಗ್ಗೆ ಬರೆಯಹೊರಟವರು ಬಹಳ ಸಲ ಸಾವಿನಿಂದಲೇ ಆರಂಭಿಸಿ, ಅವರ ಆಟವನ್ನು ಎರಡು ಸಾಲಿಗೆ ಇಳಿಸಿಬಿಡುತ್ತಾರೆ. ಹಂಗೇರಿಯ ಯೆಹೂದಿ ಆಟಗಾರ ಮತ್ತು ಕೋಚ್ ಅರ್ಪಾದ್ ವೈಸ್ ಅವರ ವಿಷಯದಲ್ಲಿ ಹೀಗಾಗಬಾರದು. ಅವರ ಕೆಲಸಕ್ಕೆ ಮೊದಲ ಸ್ಥಾನ ಸಿಗಲೇಬೇಕು.

ಹಳೆಯ ದಾಖಲೆಗಳಿಗೆ ಕೈಹಾಕುವ ಮೊದಲು ಹೆಸರುಗಳನ್ನು ಖಚಿತಪಡಿಸಿಕೊಳ್ಳಿ. ಇಟಲಿಯಲ್ಲಿ ಅವರ ಹೆಸರಿನ ಮೊದಲ ಅಕ್ಷರವನ್ನೇ ಬದಲಿಸಿ ಬರೆಯುತ್ತಿದ್ದುದುಂಟು. ಅವರು ಆಡಿದ, ತರಬೇತಿಯನ್ನೂ ಕೊಟ್ಟ ಮಿಲಾನಿನ ಇಂಟರ್ ಕ್ಲಬ್ಬು ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ, 1928ರಿಂದ, ಅಂಬ್ರೊಸಿಯಾನಾ ಎಂಬ ಹೆಸರಿನಲ್ಲಿ ಆಡುತ್ತಿತ್ತು.

ಆಟಗಾರನಾಗಿ ಕಳೆದ ದಿನಗಳಿಗೆ ಒಂದು ಪ್ಯಾರಾ ಸಾಕು. 1896ರಲ್ಲಿ ಸೋಲ್ಟ್ ಎಂಬಲ್ಲಿ ಜನನ, ಮೊದಲ ಮಹಾಯುದ್ಧದಲ್ಲಿ ಇಟಲಿಯಲ್ಲಿ ಸೆರೆ, ಎಡ ವಿಂಗ್‌ನಲ್ಲಿ ಆಟ, 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಂಗೇರಿ ತಂಡದಲ್ಲಿ ಸ್ಥಾನ, ಬಳಿಕ ಇಟಲಿಯ ಅಲೆಸ್ಸಾಂಡ್ರಿಯಾ ಮತ್ತು ಇಂಟರ್ ಕ್ಲಬ್ಬುಗಳು. ಗಾಯದಿಂದಾಗಿ ಅವರ ಆಟ ಬೇಗನೆ ನಿಂತುಹೋಯಿತು.

ಕೋಚ್ ಆಗಿ ಮಾಡಿದ ಕೆಲಸವನ್ನು ಮಾತ್ರ ವಿಸ್ತಾರವಾಗಿಯೇ ಬರೆಯಬೇಕು. 1927ರಲ್ಲಿ ಹದಿನೇಳರ ಹುಡುಗ ಜುಸೆಪ್ಪೆ ಮೆಯಾತ್ಸಾನನ್ನು ಅವರು ಇಂಟರ್‌ನ ಹಿರಿಯರ ತಂಡಕ್ಕೆ ಸೇರಿಸಿಕೊಂಡಾಗ, ಇನ್ನು ಮಕ್ಕಳನ್ನೂ ಆಡಿಸುತ್ತೀರಾ ಎಂದು ಹಿರಿಯ ಆಟಗಾರನೊಬ್ಬ ಚೇಷ್ಟೆ ಮಾಡಿದ್ದ. ಆ ಹುಡುಗ ಮುಂದೆ ಎರಡು ವಿಶ್ವಕಪ್ ಗೆದ್ದ ತಂಡಗಳಲ್ಲಿ ಆಡಿದ. 1930ರಲ್ಲಿ, ತಮ್ಮ 34ನೇ ವಯಸ್ಸಿನಲ್ಲಿ, ವೈಸ್ ಅಂಬ್ರೊಸಿಯಾನಾಕ್ಕೆ ಇಟಲಿಯ ಲೀಗ್ ಪ್ರಶಸ್ತಿ ತಂದುಕೊಟ್ಟರು. ಸತತ ಐದು ವರ್ಷ ಗೆದ್ದಿದ್ದ ಯುವೆಂಟಸ್‌ನ ಓಟವನ್ನು ಮುರಿದು 1936 ಮತ್ತು 1937ರಲ್ಲಿ ಪ್ರಶಸ್ತಿ ಪಡೆದ ಬೊಲೊನ್ಯಾ ತಂಡವೂ ಅವರದೇ. 1937ರ ಪ್ಯಾರಿಸ್ ಟೂರ್ನಿಯ ಫೈನಲ್‌ನಲ್ಲಿ ಆ ತಂಡ ಚೆಲ್ಸಿಯನ್ನು 4–1ರಿಂದ ಸೋಲಿಸಿತು. ನನ್ನ ದೃಷ್ಟಿಯಲ್ಲಿ ಅಂದಿನ ಯುರೋಪಿನ ಅತ್ಯುತ್ತಮ ಕೋಚ್‌ಗಳ ಸಾಲಿನಲ್ಲಿ ಅವರನ್ನು ನಿಲ್ಲಿಸಲು ಇಷ್ಟೇ ಸಾಕು.

ಆಮೇಲಿನದನ್ನು ‘ಅವರು ಇಟಲಿ ಬಿಟ್ಟರು’ ಎಂದು ಬರೆಯಬೇಡಿ, ಬಿಡಿಸಿದವರು ಯಾರೆಂದು ಬರೆಯಿರಿ. 1919ರ ನಂತರ ಬಂದು ನೆಲೆಸಿದ ವಿದೇಶಿ ಯೆಹೂದಿಗಳೆಲ್ಲ ಆರು ತಿಂಗಳೊಳಗೆ ದೇಶ ಬಿಡಬೇಕೆಂದು 1938ರ ಸೆಪ್ಟೆಂಬರ್‌ನಲ್ಲಿ ಮುಸ್ಸೊಲಿನಿ ಸರ್ಕಾರ ಆಜ್ಞೆ ಹೊರಡಿಸಿತು. ವೈಸ್ ಪ್ಯಾರಿಸ್ ಮೂಲಕ ನೆದರ್ಲೆಂಡ್ಸ್‌ನ ಡೋರ್ಡ್ರೆಕ್ಟ್ ಸೇರಿ, ಅಲ್ಲಿನ ಡಿಎಫ್‌ಸಿ ಎಂಬ ಸಣ್ಣ ಕ್ಲಬ್ಬಿಗೆ ತರಬೇತಿ ಕೊಟ್ಟರು. ನಾಜಿ ಆಕ್ರಮಣ ಆ ಕೆಲಸವನ್ನೂ ಕಸಿದುಕೊಂಡಿತು.

ಕೊನೆಯ ತಾರೀಖುಗಳನ್ನು ಬೆರೆಸಬಾರದು. 1942ರ ಆಗಸ್ಟ್‌ನಲ್ಲಿ ಇಡೀ ಕುಟುಂಬದ ಬಂಧನವಾಯಿತು. ಹೆಂಡತಿ ಎಲೆನಾ, ಮಕ್ಕಳಾದ ರೊಬೆರ್ತೊ ಮತ್ತು ಕ್ಲಾರಾ ಅಕ್ಟೋಬರ್‌ನಲ್ಲಿ ನಾಜಿಗಳ ಆಶ್ವಿಟ್ಸ್ ಹತ್ಯಾಶಿಬಿರದಲ್ಲಿ ಕೊಲೆಯಾದರು. ದುಡಿಮೆಗೆಂದು ಬೇರ್ಪಡಿಸಲಾಗಿದ್ದ ವೈಸ್ ಅಲ್ಲಿಯೇ ಸತ್ತದ್ದು 1944ರ ಜನವರಿಯಲ್ಲಿ. ‘ಕುಟುಂಬದೊಂದಿಗೆ ಮಡಿದರು’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರೆ, ಅವರು ಒಂಟಿಯಾಗಿ ಬದುಕಿದ್ದ ಒಂದು ವರ್ಷಕ್ಕೂ ಹೆಚ್ಚಿನ ಅವಧಿ ಬರಹದಿಂದ ಅಳಿಸಿಹೋಗುತ್ತದೆ.