ಎಪಿಕ್ಯೂರಸ್‌ನನ್ನು ಎಲ್ಲಿಂದ ಓದೋದು?

ಎಪಿಕ್ಯೂರಸ್ ಅಂದರೆ ತಿಂದು ಕುಡಿದು ಮಜಾ ಮಾಡಿ ಅಂದವನು ಅಂತ ಕೇಳಿದ್ದರೆ, ಮೊದಲು ಅದನ್ನು ಮರೆತುಬಿಡಿ. ಕ್ರಿ.ಪೂ. 341ರಲ್ಲಿ ಸಾಮೋಸ್ ದ್ವೀಪದಲ್ಲಿ ಹುಟ್ಟಿದ ಈ ಗ್ರೀಕ್ ತತ್ವಜ್ಞಾನಿ ಅಥೆನ್ಸ್‌ನಲ್ಲಿ ಒಂದು ತೋಟ ಕೊಂಡು, ಹೆಂಗಸರು, ಗುಲಾಮರು ಅಂತ ನೋಡದೆ ಎಲ್ಲರನ್ನೂ ಸೇರಿಸಿಕೊಂಡು ಪಾಠ ಮಾಡಿದ. ಊಟಕ್ಕೆ ರೊಟ್ಟಿ, ನೀರು ಸಾಕಿತ್ತು. ಒಂದು ಪತ್ರದಲ್ಲಿ ಗೆಳೆಯನನ್ನು ಕೇಳುತ್ತಾನೆ: ಒಂದು ಕುಡಿಕೆ ಚೀಸ್ ಕಳಿಸು, ಬೇಕೆನಿಸಿದಾಗ ಹಬ್ಬದೂಟ ಮಾಡುತ್ತೇನೆ!

ಬರೆದದ್ದು ರಾಶಿ, ಉಳಿದದ್ದು ಚೂರು. ಡಯೋಜಿನಿಸ್ ಲೇರ್ಷಿಯಸ್ ಬರೆದ ತತ್ವಜ್ಞಾನಿಗಳ ಚರಿತ್ರೆಯ 10ನೇ ಭಾಗ ತೆಗೆಯಿರಿ. ಮೂರು ದೊಡ್ಡ ಪತ್ರಗಳು, 40 ಚುಟುಕು ಮಾತುಗಳು ಅಲ್ಲೇ ಸಿಗುತ್ತವೆ.

ಮೊದಲು ಶಿಷ್ಯ ಮೆನೋಯ್ಕಿಯಸ್‌ಗೆ ಬರೆದ ಪತ್ರ ಓದಿ. ಕೆಲವೇ ಪುಟ, ಒಂದೇ ಸಲ ಮುಗಿಯುತ್ತದೆ. ಆಸೆಗಳನ್ನು ವಿಂಗಡಿಸುವ ಜಾಗದಲ್ಲಿ ಮಾತ್ರ ನಿಲ್ಲಿ. ಹಸಿವಿಗೆ ಅನ್ನ ಸಹಜ, ಬೇಕೇ ಬೇಕು. ಭಾರಿ ಭೋಜನದ ಆಸೆಯೂ ಸಹಜವೇ, ಆದರೆ ಇಲ್ಲದಿದ್ದರೂ ನಡೆಯುತ್ತದೆ. ಹೆಸರು, ಅಧಿಕಾರದ ಆಸೆ ಸಹಜವೂ ಅಲ್ಲ, ಅದಕ್ಕೆ ಕೊನೆಯೂ ಇಲ್ಲ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ, ಈ ತಿಂಗಳು ನಿಮಗೆ ಬೇಕೆನಿಸಿದ್ದನ್ನೆಲ್ಲ ಬರೆದು ನೋಡಿ. ಮೂರನೆಯದೇ ಉದ್ದ ಆಗೋದು ಜಾಸ್ತಿ.

ಹೆಚ್ಚಿನವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನೀವು ಮುಚ್ಚಬೇಡಿ, ಏಕೆಂದರೆ ಈತ ಹೇಳೋ ಸುಖ, ಅಂದರೆ ನೋವು, ಭಯ ಇಲ್ಲದ ನೆಮ್ಮದಿ, ನಿಂತಿರೋದೇ ವಿಜ್ಞಾನದ ಮೇಲೆ. ಹೆರೊಡೊಟಸ್‌ಗೆ ಬರೆದ ಪತ್ರ (ಇತಿಹಾಸಕಾರ ಅಲ್ಲ, ಬೇರೆಯವನು) ಕಷ್ಟ, ನಿಧಾನಕ್ಕೆ ಓದಿ. ಇರೋದು ಅಣುಗಳು ಮತ್ತು ಖಾಲಿ ಜಾಗ, ಅಷ್ಟೇ. ಇವನಿಗಿಂತ ಹಿಂದಿನ ಗ್ರೀಕ್ ತತ್ವಜ್ಞಾನಿ ಡೆಮಾಕ್ರಿಟಸ್‌ನಿಂದ ಬಂದ ವಿಚಾರ ಇದು. ಆತ್ಮವೂ ಅಣುಗಳೇ, ಸತ್ತಾಗ ಚದುರಿ ಹೋಗುತ್ತದೆ, ನೋವು ಅನುಭವಿಸೋಕೆ ಯಾರೂ ಉಳಿಯೋದಿಲ್ಲ. ಹಾಗಾದರೆ ಸಾವಿಗೆ ಹೆದರೋದು ಯಾಕೆ? ಈಗ 11ನೇ ಚುಟುಕು ತೆಗೆಯಿರಿ. ಆಕಾಶದ ಭಯ, ಸಾವಿನ ಭಯ ಕಾಡದೇ ಇದ್ದಿದ್ದರೆ ನಮಗೆ ಪ್ರಕೃತಿಯ ವಿಜ್ಞಾನವೇ ಬೇಕಿರಲಿಲ್ಲ ಅಂತ ನೇರವಾಗಿ ಹೇಳಿಬಿಡುತ್ತಾನೆ.

ಪಿಥೋಕ್ಲಿಸ್‌ಗೆ ಬರೆದ ಪತ್ರವನ್ನು ಸುಮ್ನೆ ಕಣ್ಣಾಡಿಸಿದರೆ ಸಾಕು. ಗುಡುಗಿಗೆ ನಾಲ್ಕಾರು ಕಾರಣ ಕೊಡುತ್ತಾನೆ, ಯಾವುದಾದರೂ ಇರಲಿ, ದೇವರ ಸಿಟ್ಟು ಅಂತ ಮಾತ್ರ ಅನ್ನಬೇಡಿ ಅನ್ನೋದು ಅವನ ಹಟ. ಸೂರ್ಯ ಕಣ್ಣಿಗೆ ಕಾಣುವಷ್ಟೇ ದೊಡ್ಡದು ಅಂತಲೂ ಬರೆದಿದ್ದಾನೆ, ನಗು ಬಂದರೆ ನಕ್ಕುಬಿಡಿ.

ಅಣುಗಳು ದಾರಿಯಲ್ಲಿ ಚೂರು ವಾಲುತ್ತವೆ ಅನ್ನೋ ಪ್ರಸಿದ್ಧ ವಿಚಾರವನ್ನು ಈ ಪತ್ರಗಳಲ್ಲಿ ಹುಡುಕಬೇಡಿ. ಅದಕ್ಕೆ ಎಪಿಕ್ಯೂರಸ್‌ನ ವಿಚಾರಗಳನ್ನೇ ಪದ್ಯವಾಗಿಸಿದ ರೋಮಿನ ಕವಿ ಲುಕ್ರೀಷಿಯಸ್‌ನ ಲ್ಯಾಟಿನ್ ಕಾವ್ಯದ ಎರಡನೇ ಭಾಗಕ್ಕೆ ಹೋಗಬೇಕು.