ಆಟಿ ಅಮಾವಾಸ್ಯೆಯ ಹಾಲೆ ಕಷಾಯ: ಮರ ಗುರುತಿಸುವುದರಿಂದ ಮೆಂತೆ ಗಂಜಿಯವರೆಗೆ

ತುಳುವರ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯಂದು ಕುಡಿಯುವ ಹಾಲೆ ತೊಗಟೆಯ ಕಷಾಯಕ್ಕೆ ಅರ್ಧ ಕೆಲಸ ಹಿಂದಿನ ದಿನ ಹಗಲಲ್ಲೇ ಮುಗಿದಿರಬೇಕು. ಸೂರ್ಯ ಹುಟ್ಟುವ ಮೊದಲೇ ಹೋಗಿ ಹಾಲೆ ಮರದ ತೊಗಟೆ ತರುವುದು ತುಳುನಾಡಿನ ಪದ್ಧತಿ. ಎಡೆಬಿಡದ ಮಳೆ, ಕತ್ತಲು, ಗುಡ್ಡೆಯ ಪೊದೆ. ತಪ್ಪು ಮರದ ತೊಗಟೆ ಮನೆಗೆ ಬರುವುದು ಇಂಥ ಹೊತ್ತಿನಲ್ಲೇ. ಆದ್ದರಿಂದ ಮುನ್ನಾದಿನ ಬೆಳಕಿರುವಾಗ ಹೋಗಿ, ಮರ ಖಚಿತ ಮಾಡಿಕೊಂಡು, ಕಾಂಡಕ್ಕೆ ಒಂದು ಹಗ್ಗ ಕಟ್ಟಿ ಬನ್ನಿ.

ಹಾಲೆಯನ್ನು ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ ಎನ್ನುತ್ತಾರೆ. ಗುರುತು ಎರಡು, ಎರಡೂ ಒಟ್ಟಿಗೆ ಇರಲೇಬೇಕು. ಒಂದು, ಗೆಲ್ಲಿನ ಒಂದೇ ಗಂಟಿನಿಂದ ಸುತ್ತಲೂ ಹರಡಿದ ಎಲೆಗಳು, ಸಾಮಾನ್ಯವಾಗಿ ನಾಲ್ಕರಿಂದ ಏಳು. ಎರಡು, ಎಲೆ ಕಿತ್ತರೆ, ತೊಗಟೆ ಗೀರಿದರೆ ಬಿಳಿ ಹಾಲು. ಹಾಲೊಂದನ್ನೇ ನೆಚ್ಚಬೇಡಿ, ನಮ್ಮ ಹೊಳೆಬದಿಯ ಕೆಲವು ವಿಷದ ಮರಗಳಲ್ಲೂ ಹಾಲು ಬರುತ್ತದೆ.

ನಿಜವಾದ ಅಪಾಯ ಕಾಸರ್ಕ ಎಂಬ ವಿಷದ ಮರದ್ದು, ತುಳುವಿನ ಕಾಯೆರ್. ಅದರ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ, ಹೊಳಪಾಗಿರುತ್ತವೆ, ಬುಡದಿಂದಲೇ ಮೂರರಿಂದ ಐದು ನರಗಳು ಎದ್ದು ಕಾಣುತ್ತವೆ. ಹಾಲು ಬರುವುದಿಲ್ಲ. ತೊಗಟೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಎರಡು ತೊಗಟೆಗಳೂ ಕಹಿಯೇ, ಹಾಗಾಗಿ ರುಚಿ ನೋಡಿ ನಿರ್ಧರಿಸುವ ಮಾತೇ ಇಲ್ಲ. ಕುದಿಸಿದರೂ ಒಗ್ಗರಣೆ ಕೊಟ್ಟರೂ ಆ ವಿಷ ಹೋಗುವುದಿಲ್ಲ. ತಮಿಳುನಾಡಿನ ಸಾಂಪ್ರದಾಯಿಕ ಪದ್ಧತಿಯಾದ ಸಿದ್ಧ ವೈದ್ಯದಲ್ಲಿ ಕಾಸರ್ಕವೂ (ತಮಿಳಿನಲ್ಲಿ ಎಟ್ಟಿ) ಮದ್ದಾಗುತ್ತದೆ, ಆದರೆ ಶುದ್ಧಿ ಮಾಡಿದ ಮೇಲೆ, ವೈದ್ಯರ ಕೈಯಿಂದ ಮಾತ್ರ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮರದ ಪರಿಚಯ ಇಲ್ಲದವರು ಮೊದಲು ಮಂಗಳೂರಿನ ಪಿಲಿಕುಳದ ಔಷಧಿ ಸಸ್ಯಗಳ ತೋಟದಲ್ಲಿ ಅಥವಾ ತಿಳಿದ ಹಿರಿಯರ ಜೊತೆ ನಾಲ್ಕೈದು ಮರ ನೋಡಿ ಕಣ್ಣು ಪಳಗಿಸಿಕೊಳ್ಳಿ. ಸಂಶಯ ಉಳಿದರೆ ಈ ವರ್ಷ ಕಷಾಯ ಬೇಡ.

ತೊಗಟೆ ತೆಗೆಯಲು ಕಬ್ಬಿಣ ತಾಗಿಸಬಾರದೆಂಬ ಕ್ರಮವಿದೆ, ಕಲ್ಲಿನಿಂದಲೇ ಜಜ್ಜಿ ತೆಗೆಯುತ್ತಾರೆ. ಬಲಿತ ಮರದ ಒಂದೇ ಬದಿಯಿಂದ ಅಂಗೈಯಗಲ ತೆಗೆದರೆ ನಾಲ್ವರಿಗೆ ಸಾಕು. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಮರ ಸಾಯುತ್ತದೆ. ಪೇಟೆ ಬದಿಯ ಒಂದೇ ಮರಕ್ಕೆ ಊರಿಡೀ ಮುಗಿಬೀಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೋದ ವರ್ಷದ ಗಾಯ ಮಾಗದಿದ್ದರೆ ಬೇರೆ ಮರ ಹುಡುಕಿ.

ಮನೆಗೆ ತಂದ ಮೇಲೆ ಪಾಚಿ ಮತ್ತು ಹೊರಗಿನ ಒಣ ಪದರ ಕೆರೆದು ತೊಳೆಯಿರಿ. ನಾಲ್ವರು ದೊಡ್ಡವರಿಗೆ ಸುಮಾರು 100 ಗ್ರಾಂ ಹಸಿ ತೊಗಟೆ, 10-12 ಕಾಳುಮೆಣಸು, 5-6 ಎಸಳು ಬೆಳ್ಳುಳ್ಳಿ, ಒಂದು ಚಮಚ ಓಮ, ಬೆರಳ ತುದಿಯಷ್ಟು ಅರಿಶಿನ. ಅಳತೆ ಮನೆಯಿಂದ ಮನೆಗೆ ಸ್ವಲ್ಪ ಬೇರೆ. ಎಲ್ಲವನ್ನೂ ಅರೆಯುವ ಕಲ್ಲಿನಲ್ಲಿ ಜಜ್ಜಿ ಅರೆದು, ಒಂದು ಲೋಟ ನೀರು ಸೇರಿಸಿ, ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. ನಾರು ಉಳಿದರೆ ಗಂಟಲಲ್ಲಿ ಕೆರೆತ.

ಇನ್ನು ಒಗ್ಗರಣೆ. ಹಿಡಿಯೊಳಗೆ ಹಿಡಿಯುವಷ್ಟು ದೊಡ್ಡ ಬಿಳಿ ಬೆಣಚುಕಲ್ಲನ್ನು ಕೆಂಡದಲ್ಲಿ ಇಪ್ಪತ್ತು ನಿಮಿಷ ಕಾಯಿಸಿ, ಇಕ್ಕಳದಿಂದ ಎತ್ತಿ, ಬೂದಿ ಕೊಡವಿ ರಸಕ್ಕೆ ಬಿಡುತ್ತಾರೆ. ಚೊಂಯ್ ಎಂದು ಆವಿ ಏಳುವಾಗ ಓಮ, ಬೆಳ್ಳುಳ್ಳಿಯ ಘಾಟು ಅಡುಗೆಮನೆ ತುಂಬುತ್ತದೆ. ಕೂಡಲೇ ಮುಚ್ಚಳ ಹಾಕಿ. ಇಲ್ಲಿ ಕೆಡುವುದು ಕಲ್ಲು ಒದ್ದೆಯಾಗಿದ್ದರೆ: ಮಳೆಗಾಲದಲ್ಲಿ ಹೊಳೆಯಿಂದ ನೇರ ತಂದ ಕಲ್ಲಿನ ಬಿರುಕಿನಲ್ಲಿ ನೀರಿರುತ್ತದೆ, ಅದು ಆವಿಯಾಗಿ ಕಲ್ಲು ಸಿಡಿಯುತ್ತದೆ. ವಾರ ಮೊದಲೇ ತಂದು ಒಲೆಯ ಬದಿಯಲ್ಲಿ ಒಣಗಿಸಿಡಿ. ಗಾಜಿನ, ಪ್ಲಾಸ್ಟಿಕ್ಕಿನ ಪಾತ್ರೆ ಬೇಡ. ಗ್ಯಾಸ್ ಒಲೆಯಲ್ಲಿ ಕಲ್ಲು ಕಾಯಿಸಲೂಬೇಡಿ.

ಖಾಲಿ ಹೊಟ್ಟೆಗೆ ತಲಾ ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ಸಾಕು. ಹೆಚ್ಚಾದರೆ ವಾಂತಿ, ಹೊಟ್ಟೆ ತೊಳಸು. ಗರ್ಭಿಣಿಯರು, ಮೊಲೆಯೂಡಿಸುವವರು, ಚಿಕ್ಕ ಮಕ್ಕಳು ಕುಡಿಯಬಾರದು. ಹೃದಯ, ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಹಿಂದೆಯೇ ಮೆಂತೆ ಗಂಜಿ. ಒಂದು ಲೋಟ ಕುಚ್ಚಲಕ್ಕಿಗೆ ರಾತ್ರಿಯೇ ನೆನೆಸಿದ ಎರಡು ದೊಡ್ಡ ಚಮಚ ಮೆಂತೆ ಹಾಕಿ ಚೆನ್ನಾಗಿ ಬೇಯಿಸಿ, ಬೆಲ್ಲ ಸೇರಿಸಿ, ಇಳಿಸುವ ಮೊದಲು ತೆಂಗಿನಹಾಲು ಹಾಕಿ. ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ. ಹಾಲೆ ಉಷ್ಣ, ಮೆಂತೆ ತಂಪು ಎಂಬುದು ಹಿರಿಯರ ಲೆಕ್ಕ. ಸಿದ್ಧ ವೈದ್ಯವೂ ಹೀಗೇ ಯೋಚಿಸುತ್ತದೆ. ಅಗಸ್ತ್ಯರೇ ಮೊದಲಾದ 18 ಸಿದ್ಧರ ಹೆಸರಿನಲ್ಲಿ ಬಂದ ಆ ಪರಂಪರೆ ವಾತ, ಪಿತ್ತ, ಕಫಗಳ ಸಮತೋಲ ನೋಡಿ ಮದ್ದು ಕೊಡುತ್ತದೆ; ಮದ್ದನ್ನು ಯಾವುದರ ಜೊತೆ ಕೊಡಬೇಕೆಂಬ ಅನುಪಾನ, ಆಮೇಲೆ ಏನು ಉಣ್ಣಬೇಕೆಂಬ ಪಥ್ಯ ಅಲ್ಲಿ ಚಿಕಿತ್ಸೆಯ ಭಾಗವೇ. ಅಲ್ಲಿಯೂ ಹಾಲೆ ಇದೆ, ಏಳಿಲೈಪ್ಪಾಲೈ ಎಂಬ ಹೆಸರಿನಲ್ಲಿ. ತಮಿಳರ ಆಡಿಯೂ ನಮ್ಮ ಆಟಿಯೂ ಒಂದೇ ಸೌರಮಾಸ. ಸಿದ್ಧ ವೈದ್ಯದ ಶಾಸ್ತ್ರೀಯ ಅಧ್ಯಯನಕ್ಕೆ ಚೆನ್ನೈಯ ತಾಂಬರಂ ಸ್ಯಾನಟೋರಿಯಂನಲ್ಲಿ 2005ರಿಂದ ರಾಷ್ಟ್ರೀಯ ಸಿದ್ಧ ಸಂಸ್ಥೆ ಇದೆ.

ಕಷಾಯ ಕುಡಿದೆನೆಂದು ಜ್ವರವನ್ನು ಕಡೆಗಣಿಸಬೇಡಿ. ಮಂಗಳೂರಿನಲ್ಲಿ ಚಳಿಜ್ವರ ಬಂದರೆ ಅದೇ ದಿನ ಮಲೇರಿಯಾದ ರಕ್ತಪರೀಕ್ಷೆ ಮಾಡಿಸಿ. ಕುಡಿದ ಅರ್ಧ ಗಂಟೆಯೊಳಗೆ ಕುತ್ತಿಗೆ, ದವಡೆ ಬಿಗಿದರೆ, ಸಣ್ಣ ಸದ್ದಿಗೂ ಮೈ ಸೆಟೆದುಕೊಂಡರೆ ಅದು ಕಾಸರ್ಕ. ವಾಂತಿ ಮಾಡಿಸಬೇಡಿ, ಮೈ ಅಲುಗಾಡಿಸಬೇಡಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಉಳಿದ ತೊಗಟೆಯ ತುಂಡನ್ನೂ ಜೊತೆಗೆ ಒಯ್ಯಿರಿ.